ನಾಣ್ಯಪರೀಕ್ಷೆಯೂ ದೂರದರ್ಶನದ ಅಡವಿನಂಗಡಿಯೂ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ರೂಪದರ್ಶಕ'ನೆಂಬ ಅಧಿಕಾರಿಯೊಬ್ಬನ ಪ್ರಸ್ತಾಪವಿದೆ. ನಾಣ್ಯವು ವ್ಯವಹಾರಕ್ಕೆ ಯೋಗ್ಯವೋ ಅಲ್ಲವೋ ಎಂಬುದನ್ನು ನೋಡಿ ನಿರ್ಣಯಿಸುವುದು ಅವನ ಕೆಲಸ. ಖೋಟಾ ನಾಣ್ಯಕ್ಕೆ ಆ ಗ್ರಂಥದಲ್ಲಿರುವ ಹೆಸರು 'ಕೂಟರೂಪ'. ಕನ್ನಡನಾಡಿನಲ್ಲಿ ಈ ಪರೀಕ್ಷೆಯನ್ನು ಚಿನಿವಾರರು ನಡೆಸಿಕೊಂಡು ಬಂದರು. ತಕ್ಕಡಿ, ಒರೆಗಲ್ಲು, ಬಹುಕಾಲದ ಬಳಕೆಯಿಂದ ಹದಗೊಂಡ ಕಣ್ಣು, ಇವು ಮೂರೇ ಅವರ ಸಾಧನಗಳು. ಪರೀಕ್ಷೆಯು ಅಂಗಡಿಯ ಜಗಲಿಯ ಮೇಲೆ ನಡೆಯುತ್ತಿದ್ದಿತು, ಅದಕ್ಕೆ ಪ್ರೇಕ್ಷಕರಿರಲಿಲ್ಲ.

ಇಂತಹ ಪರೀಕ್ಷೆಯನ್ನೇ ವಿನೋದವನ್ನಾಗಿ ಮಾಡಿ ಲಕ್ಷಾಂತರ ಜನರ ಮುಂದೆ ಇಡುವ ಪದ್ಧತಿ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿತು. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆ ೧೯೭೯ರಲ್ಲಿ 'ಆಂಟಿಕ್ಸ್ ರೋಡ್‌ಶೋ' ಎಂಬ ಕಾರ್ಯಕ್ರಮವನ್ನು ಮೊದಲು ಮಾಡಿತು. ಅಮೆರಿಕದಲ್ಲಿ ಅದೇ ಹೆಸರಿನ ಕಾರ್ಯಕ್ರಮವು ೧೯೯೭ರಿಂದ ಪ್ರಸಾರವಾಯಿತು. ೨೦೦೯ರಲ್ಲಿ ಲಾಸ್ ವೇಗಾಸ್ ನಗರದ ಒಂದು ಅಡವಿನಂಗಡಿಯನ್ನೇ ರಂಗಸ್ಥಳವಾಗಿಸಿಕೊಂಡ 'ಪಾನ್ ಸ್ಟಾರ್ಸ್' ಹೊರಟಿತು. ಹಿಸ್ಟರಿ ವಾಹಿನಿಯ ಮೂಲಕ ಅದು ಭಾರತದ ಮನೆಗಳಿಗೂ ಬಂದಿತು. ಸಾಲಕ್ಕೆ ಒಡವೆಯನ್ನು ಒತ್ತೆಯಿಡುವುದನ್ನು ನೆರೆಮನೆಯವರಿಗೂ ತಿಳಿಸದೆ ಮಾಡುವ ನಾಡಿನಲ್ಲಿ ಅಡವಿನಂಗಡಿಯು ನೋಟಕ್ಕೆ ತಕ್ಕ ಸ್ಥಳವಾದುದು ಸ್ವಲ್ಪ ಆಶ್ಚರ್ಯವೇ ಸರಿ.

ನಾಣ್ಯಸಂಗ್ರಾಹಕರು ಈ ಕಾರ್ಯಕ್ರಮಗಳನ್ನು ಒಲ್ಲರು. ಅವರ ಮುಖ್ಯವಾದ ಆಕ್ಷೇಪ, ಇದೆಲ್ಲವೂ ಮೊದಲೇ ಹೂಡಿದ ಆಟವೆಂಬುದು. ವಸ್ತುವನ್ನೂ ಅದನ್ನು ತರುವವನನ್ನೂ ಮುಂಚಿತವಾಗಿ ಆರಿಸಿರುತ್ತಾರೆ. ಪರೀಕ್ಷಕನು ಅಕಸ್ಮಾತ್ತಾಗಿ ಬಂದವನಂತೆ ಕಾಣಿಸಿಕೊಂಡರೂ ಕರೆಯಿಸಲ್ಪಟ್ಟವನು. ಈ ಆಕ್ಷೇಪವು ಸತ್ಯವಾದರೂ ದುರ್ಬಲವಾದುದು. ಹೂಡಿದ ಆಟವಾದ ಮಾತ್ರಕ್ಕೆ ಸುಳ್ಳಾಗುವುದಾದರೆ ಕಾರ್ಕಳ ಸೀಮೆಯ ಯಕ್ಷಗಾನವೆಲ್ಲವೂ ಸುಳ್ಳಾಗಬೇಕು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡವನು ಕೌರವನಲ್ಲವೆಂದು ನೋಡುವ ಹುಡುಗನಿಗೂ ಗೊತ್ತು; ಆದುದರಿಂದ ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಅಡವಿನಂಗಡಿಯ ಆಟದ ದೋಷವನ್ನು ಬೇರೆಡೆಯಲ್ಲಿ ಹುಡುಕಬೇಕು.

ಆ ಕಾರ್ಯಕ್ರಮದ ಯಾವುದೇ ಒಂದು ಪ್ರಸಂಗವನ್ನು ತೆಗೆದುಕೊಂಡರೂ ಅದರ ಕಟ್ಟು ಒಂದೇ ಬಗೆಯದು. ವಸ್ತು ಬರುತ್ತದೆ, ಅದರೊಡನೆ ಅಜ್ಜನದೋ ಮುತ್ತಜ್ಜನದೋ ಕಥೆಯೊಂದು ಬರುತ್ತದೆ, ಪರೀಕ್ಷಕನು ಎರಡು ನಿಮಿಷ ನೋಡಿ ಒಂದು ಮಾತು ಹೇಳುತ್ತಾನೆ, ಬಳಿಕ ಚೌಕಾಸಿ. ಈ ನಾಲ್ಕರಲ್ಲಿ ದೀರ್ಘವಾದುದು ಚೌಕಾಸಿ, ಹ್ರಸ್ವವಾದುದು ಪರೀಕ್ಷೆ. ನಾಣ್ಯದ ತೂಕವೆಷ್ಟು, ಅಚ್ಚು ಯಾವುದು, ಅದೇ ಅಚ್ಚಿನ ಬೇರೆ ನಾಣ್ಯಗಳು ಎಲ್ಲಿವೆ, ಇದು ಯಾವ ನೆಲದಿಂದ ಹೊರಟಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಅವಕಾಶವು ಬಹು ಸ್ವಲ್ಪ. ಪ್ರೇಕ್ಷಕನ ಕೈಗೆ ಸಿಕ್ಕುವುದು ನಿರ್ಣಯ ಮಾತ್ರ, ಪ್ರಮಾಣವಲ್ಲ. ನಿರ್ಣಯವು ಸರಿಯಾಗಿದ್ದರೂ ಅದನ್ನು ಮತ್ತೊಬ್ಬನು ಶೋಧಿಸಿ ನೋಡುವಂತಿಲ್ಲ.

ಈ ಕ್ರಮವು ಎಂತಹ ಅನರ್ಥಕ್ಕೆ ದಾರಿಮಾಡೀತೆಂಬುದಕ್ಕೆ ಅಮೆರಿಕದ 'ರೋಡ್‌ಶೋ'ದಲ್ಲಿಯೇ ದೃಷ್ಟಾಂತವಿದೆ. ಅದರ ಮೊದಲ ವರ್ಷದಲ್ಲಿ ಒಬ್ಬನು ಅಂತರ್ಯುದ್ಧ ಕಾಲದ ಕತ್ತಿಯೊಂದನ್ನು ತಂದು, ಅದು ಮನೆಯಲ್ಲಿದ್ದ ಹಳೆಯ ವಸ್ತುವೆಂದೂ ಬಾಲ್ಯದಲ್ಲಿ ತಾನು ಅದರಿಂದ ಕಲ್ಲಂಗಡಿ ಹಣ್ಣು ಕೊಯ್ಯುತ್ತಿದ್ದೆನೆಂದೂ ಹೇಳಿದನು. ಪರೀಕ್ಷಕನು ಅದಕ್ಕೆ ೩೫,೦೦೦ ಡಾಲರು ಬೆಲೆ ಕಟ್ಟಿದನು. ತಂದವನೂ ಕಥೆಯೂ ಎರಡೂ ಕೃತಕವೆಂಬುದು ೨೦೦೦ದ ಸುಮಾರಿಗೆ ಬಯಲಾಗಿ, ವಾಹಿನಿಯವರು ಆ ಪರೀಕ್ಷಕರ ಸಂಬಂಧವನ್ನು ಕಡಿದುಕೊಂಡರು. ೨೦೦೧ರಲ್ಲಿ ಅವರ ಮೇಲೆ ಫೌಜುದಾರಿ ಮೊಕದ್ದಮೆ ನಡೆದು ಅವರು ತಪ್ಪೊಪ್ಪಿಕೊಂಡರು. ಕಲ್ಲಂಗಡಿಯ ಕಥೆಯೊಂದೇ ಆಗಿದ್ದರೆ ನಗಬಹುದಾಗಿತ್ತು. ಆದರೆ ದೂರದರ್ಶನದಲ್ಲಿ ಗಳಿಸಿದ ಹೆಸರನ್ನು ನಂಬಿಕೊಂಡು ಹಳೆಯ ಸೇನಾನಿಗಳ ವಂಶದವರು ತಮ್ಮ ಮನೆಯ ವಸ್ತುಗಳನ್ನು ಅವರಿಗೆ ಅಗ್ಗವಾಗಿ ಒಪ್ಪಿಸಿದ್ದರು. ಅವುಗಳಲ್ಲಿ ಕೆಲವು ಕೊಂಡ ಬೆಲೆಯ ಸುಮಾರು ಹತ್ತು ಮಡಿಗೆ ಮಾರಿಹೋಗಿದ್ದುವು. ಗ್ರಂಥಸಂಪಾದನೆ ಮಾಡುವವರಿಗೆ ಈ ಕಲ್ಲಂಗಡಿಯ ಕಥೆಯು ಅಪರಿಚಿತವಾದುದಲ್ಲ. ಓಲೆಯ ಕಟ್ಟಿನ ಕೊನೆಗೆ ಯಾರೋ ಸೇರಿಸಿದ ಪುಷ್ಪಿಕೆಯಂತೆ ಅದು. ಮೂಲಕ್ಕೆ ವಯಸ್ಸನ್ನೂ ಮನೆತನವನ್ನೂ ಕೊಡುವುದಕ್ಕಾಗಿಯೇ ಹುಟ್ಟಿದ್ದು.

ಕಾರ್ಕಳಕ್ಕೂ ಹೆಬ್ರಿಗೂ ನಡುವಣ ಅಜೆಕಾರಿನಂತಹ ಊರುಗಳಿಗೆ ಈ ವಿಚಾರವು ದೂರದ್ದೆಂದು ತೋರಬಹುದು. ಹಾಗಲ್ಲ. ತುಳುನಾಡಿನ ಮನೆಗಳಲ್ಲಿ ಹಳೆಯ ನಾಣ್ಯವು ದೇವರ ಕೋಣೆಯಲ್ಲಿ, ದೈವದ ಭಂಡಾರದಲ್ಲಿ, ಮುಡಿಪಿನ ಗಂಟಿನಲ್ಲಿ, ಹೆಂಗಸರ ಪವನಿನ ಸರದಲ್ಲಿ ಉಳಿದುಬಂದಿದೆ. ಅವುಗಳ ನಡುವೆ ಬಹಳ ಪ್ರಸಿದ್ಧವಾದ ಕೂಟರೂಪವೊಂದೂ ಸೇರಿಕೊಂಡಿದೆ. ಒಂದು ಮುಖದಲ್ಲಿ ರಾಮಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, ೧೮೧೮ ಎಂಬ ಇಸವಿ, ಕೆಲವು ಪ್ರತಿಗಳಲ್ಲಿ 'ಯು.ಕೆ.ಎಲ್.' ಎಂಬ ಅರ್ಥವಿಲ್ಲದ ಮೂರು ಅಕ್ಷರಗಳು. ಲೋಹ ತಾಮ್ರ ಅಥವಾ ಹಿತ್ತಾಳೆ. ಬೆಲೆ ಒಂದಾಣೆ, ಎರಡಾಣೆ ಎಂದು ಬರೆದಿರುತ್ತದೆ. ಇದು ಅಕ್ಕಿಯ ಕಾಳನ್ನು ಸೆಳೆಯುತ್ತದೆಂದೂ ಲಕ್ಷಗಟ್ಟಲೆ ಬೆಲೆಬಾಳುತ್ತದೆಂದೂ ನಂಬಿಸಿ ಮಾರುವವರುಂಟು.

ಕಂಪೆನಿಯು ಇಂತಹ ನಾಣ್ಯವನ್ನು ಎಂದೂ ಅಚ್ಚುಹಾಕಿಸಲಿಲ್ಲ. ೧೮೧೮ರಲ್ಲಿ ಬಂಗಾಳ, ಮುಂಬಯಿ, ಮದರಾಸು ಆಧಿಪತ್ಯಗಳಿಗೆ ಬೇರೆಬೇರೆ ನಾಣ್ಯಪದ್ಧತಿಗಳಿದ್ದುವು. ಅವುಗಳಿಗೆಲ್ಲ ಸಮಾನವಾದ ಪದ್ಧತಿ ಬಂದುದು ೧೮೩೫ರಲ್ಲಿ. ಆಗಲೂ ತಾಮ್ರದಲ್ಲಿ ಅರ್ಧಾಣೆಯೇ ದೊಡ್ಡದು. ಎರಡಾಣೆಯ ನಾಣ್ಯವು ಬೆಳ್ಳಿಯದು, ಅದೂ ತರುವಾಯದ್ದು. ವಿಚಿತ್ರವೇನೆಂದರೆ, ೧೮೧೮ನೆಯ ಇಸವಿ ಈ ಜಿಲ್ಲೆಯ ಹಣಕಾಸಿನ ಚರಿತ್ರೆಯಲ್ಲಿ ನಿಜವಾಗಿಯೂ ಮುಖ್ಯವಾದುದು. ೧೭೯೯ರಿಂದ ಕಂಪೆನಿಯ ವಶವಾಗಿದ್ದ ಕೆನರಾ ಮದರಾಸಿಗೆ ಸೇರಿದ್ದಿತು. ಮದರಾಸಿನಲ್ಲಿ ವರಾಹದ ಲೆಕ್ಕವು ಹೋಗಿ ರೂಪಾಯಿಯ ಲೆಕ್ಕವು ಬಂದುದು ಆ ವರ್ಷವೇ. ಕೂಟಕಾರನಿಗೆ ಇದು ಗೊತ್ತಿದ್ದಿರಲಾರದು. ಎರಡು ಬಾರಿ ಬರುವ ಹದಿನೆಂಟು ಅವನ ಕಣ್ಣಿಗೆ ಚೆನ್ನಾಗಿ ಕಂಡಿರಬೇಕು, ಅಷ್ಟೆ.

ಈ ಬಿಲ್ಲೆಗಳನ್ನು ರಾಮಟಂಕೆಗಳೊಡನೆ ಬೆರೆಸಬಾರದು. ರಾಮಟಂಕೆಯು ಪೂಜೆಗಾಗಿ ಮಾಡಿದ ಮುದ್ರೆ. ಪೂಜೆಯ ಮಟ್ಟಿಗೆ ಅದು ಪ್ರಾಮಾಣಿಕವಾದ ವಸ್ತು. ಅದನ್ನು ಪುರಾತನ ರಾಜನಾಣ್ಯವೆಂದು ಮಾರಿದಾಗ ಮಾತ್ರ ಕೂಟವಾಗುತ್ತದೆ. ಕಂಪೆನಿಯ ಹೆಸರಿನ ಬಿಲ್ಲೆಯಾದರೋ ಹುಟ್ಟಿನಿಂದಲೇ ಕೂಟ.

ಇಂತಹ ವಸ್ತುವನ್ನಾಗಲಿ ಚಿನ್ನದ ಹಳೆಯ ವರಾಹವನ್ನಾಗಲಿ ಮನೆಯವರು ಮೊದಲು ಕೊಂಡೊಯ್ಯುವುದು ಅಕ್ಕಸಾಲೆಯ ಬಳಿಗೆ, ಇಲ್ಲವೆ ಒಡವೆಯ ಮೇಲೆ ಸಾಲ ಕೊಡುವ ಸಂಘದ ಸರಾಫರ ಬಳಿಗೆ. ಅಲ್ಲಿ ಸಿಕ್ಕುವ ಉತ್ತರ 'ಚಿನ್ನ ಸರಿಯಾಗಿದೆ' ಎಂಬುದು. ಮನೆಯವರ ಕಿವಿಗೆ ಅದು 'ನಾಣ್ಯ ಸರಿಯಾಗಿದೆ' ಎಂದು ಕೇಳಿಸುತ್ತದೆ. ಒರೆಗಲ್ಲು ಲೋಹದ ಬಣ್ಣವನ್ನು ಹೇಳೀತು, ವಯಸ್ಸನ್ನು ಹೇಳಲಾರದು. ವಿಜಯನಗರದ ವರಾಹದ ತೂಕ ಸುಮಾರು ೩.೪ ಗ್ರಾಂ, ಅಷ್ಟೇ ತೂಕದ ಒಳ್ಳೆಯ ಚಿನ್ನವನ್ನು ಹಳೆಯ ಮಾದರಿಯಲ್ಲಿ ಅಚ್ಚುಹಾಕಿದರೆ ತಕ್ಕಡಿಯೂ ಒರೆಗಲ್ಲೂ ಎರಡೂ ಅದನ್ನು ಒಪ್ಪುವುವು. ಆಗ ಉಳಿಯುವುದು ಅಂಚನ್ನು ನೋಡುವುದು, ಎರಕದ ಗುಳ್ಳೆಗಳಿವೆಯೇ ಎಂದು ಮಸೂರದಲ್ಲಿ ಹುಡುಕುವುದು, ಅಕ್ಷರಗಳ ರೂಪವನ್ನು ಶಾಸನಗಳೊಡನೆ ಹೋಲಿಸುವುದು. ವಿಗ್ರಹವೊಂದನ್ನೇ ನಂಬುವಂತೆಯೂ ಇಲ್ಲ. ಇಕ್ಕೇರಿ ವರಾಹದ ಶಿವಪಾರ್ವತಿಯರನ್ನು ಹೈದರನು ತನ್ನ ಬಹಾದ್ದೂರಿ ವರಾಹದಲ್ಲಿ ಹಾಗೆಯೇ ಉಳಿಸಿಕೊಂಡು, ಹಿಂದಿನ ಮುಖದಲ್ಲಿ ಮಾತ್ರ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಇರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ದೇವತೆಗಳು. ಮುಂದಿನ ಮುಖವನ್ನಷ್ಟೇ ನೋಡಿ ತೀರ್ಪು ಕೊಡುವ ಪರೀಕ್ಷಕನು ಮೂರು ರಾಜ್ಯಗಳನ್ನು ಒಂದುಮಾಡಿಬಿಡುವನು.

ಲೋಹ ನಿಜವಾಗಿ ಕಾಲ ನಿಜವಲ್ಲದ ವಸ್ತುವಿಗೆ ಸಾಹಿತ್ಯದಲ್ಲಿ ಉದಾಹರಣೆ ಬೇಕಾದರೆ ಅದೇ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿಯೇ ಉಂಟು. ಲಕ್ಷ್ಮೀನಾರಾಯಣಪ್ಪನು (೧೮೭೦-೧೯೦೧) ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದುಕೊಂಡು, ತಾನು ರಚಿಸಿದ ಕೃತಿಗಳನ್ನು ಮುದ್ದಣನೆಂಬ ಹಳೆಯ ಕವಿಯದೆಂಬಂತೆ ಮೈಸೂರಿನ ಗ್ರಂಥಮಾಲೆಗಳಿಗೆ ಕಳುಹಿಸಿದನು. ವಿದ್ವಾಂಸರು ನಂಬಿದರು, ಹಳಗನ್ನಡವು ಅಷ್ಟು ಶುದ್ಧವಾಗಿದ್ದಿತು. ಇದು ಕೂಟವೇ? ಕಾಲನಿರ್ಣಯದ ದೃಷ್ಟಿಯಿಂದ ಹೌದೆನ್ನಬೇಕು. ಅವನ ಮಾತನ್ನು ನಂಬಿ ಕವಿಚರಿತೆ ಬರೆದವನು ತಪ್ಪುವನು. ಆದರೆ ಮುದ್ದಣನಿಗೂ ೧೮೧೮ರ ಆಣೆಯನ್ನು ಮಾಡಿದವನಿಗೂ ಇರುವ ಅಂತರವು ಬಹು ದೊಡ್ಡದು. ಹೆಸರನ್ನು ಮರೆಸಿದುದರಿಂದ ಕವಿಗೆ ಲಾಭವೇನೂ ಬರಲಿಲ್ಲ. ಇದ್ದ ಕೀರ್ತಿಯೂ ಬದುಕಿರುವಾಗ ಕೈಸೇರಲಿಲ್ಲ. ಇನ್ನೊಂದು ಮಾತು ಇನ್ನೂ ಮುಖ್ಯವಾದುದು. ಶ್ರೀರಾಮಾಶ್ವಮೇಧದ ಪಠ್ಯವೆಲ್ಲವೂ ಅಚ್ಚಾಗಿ ಓದುಗರ ಮುಂದೆ ಇದ್ದಿತು. ಮುದ್ದಣ ಮನೋರಮೆಯರ ಸಲ್ಲಾಪವನ್ನು ಯಾರು ಬೇಕಾದರೂ ಓದಿ, ಈ ಗದ್ಯದ ಲಘುತ್ವವೂ ಗಂಡಹೆಂಡಿರ ಈ ಸರಸವೂ ಯಾವ ಕಾಲದವೆಂದು ಶಂಕಿಸಬಹುದಾಗಿತ್ತು. ಕೃತಿಯು ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಹೊತ್ತುಕೊಂಡು ಬಂದಿತು.

ಗಂಗರ ತಾಮ್ರಶಾಸನಗಳ ವಿಷಯವಾಗಿ ಫ್ಲೀಟ್ ಮತ್ತು ರೈಸ್ ಇವರೊಳಗೆ ನಡೆದ ವಾದವೂ ಹೀಗೆಯೇ. ಫ್ಲೀಟ್ ಲಿಪಿಯನ್ನೂ ತಿಥಿಗಳನ್ನೂ ಹಿಡಿದು ಅವುಗಳಲ್ಲಿ ಹಲವನ್ನು ಕೂಟವೆಂದರು, ರೈಸ್ ಒಪ್ಪಲಿಲ್ಲ. ಪಠ್ಯಗಳು ಪ್ರಕಟವಾಗಿದ್ದುದರಿಂದ ಮುಂದಿನವರು ಇಬ್ಬರನ್ನೂ ತೂಗಿ ನೋಡಲು ಸಾಧ್ಯವಾಯಿತು. ಅಡವಿನಂಗಡಿಯ ಆಟದಲ್ಲಿ ಇಂತಹ ವಾದವು ಹುಟ್ಟಲಾರದು.

ಇಷ್ಟನ್ನು ಹೇಳಿದ ಮೇಲೆ ಸಂಗ್ರಾಹಕರ ಪಕ್ಷವನ್ನೂ ಸ್ವಲ್ಪ ಪರೀಕ್ಷಿಸಬೇಕಾಗುತ್ತದೆ. ಅವರಲ್ಲಿ ಎರಡು ಮತಗಳು. ಅಮೆರಿಕದಲ್ಲಿ ೧೯೮೬-೮೭ರಿಂದ ನಾಣ್ಯವನ್ನು ಶೋಧಿಸಿ, ದರ್ಜೆ ಗೊತ್ತುಮಾಡಿ, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳು ಏರ್ಪಟ್ಟುವು. ಒಂದು ಪಕ್ಷದವರು ಆ ಕವಚವನ್ನೇ ಪ್ರಮಾಣವೆನ್ನುತ್ತಾರೆ. ಇನ್ನೊಂದು ಪಕ್ಷದವರು, ಕವಚವನ್ನೂ ನಕಲು ಮಾಡುವವರಿದ್ದಾರೆ, ನಾಣ್ಯವನ್ನು ಕೈಯಲ್ಲಿ ಹಿಡಿಯದೆ ತಿಳಿಯಲಾಗದು ಎನ್ನುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆ ಮಾತ್ರ ಎರಡೇ: ಇದು ನಿಜವೇ, ಇದರ ಬೆಲೆಯೇನು? ದೂರದರ್ಶನದ ಅಂಗಡಿಯೂ ಕೇಳುವುದು ಇವನ್ನೇ. ಎಲ್ಲಿ ಸಿಕ್ಕಿತೆಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಸಂಗ್ರಾಹಕರಲ್ಲಿಯೂ ವಿರಳ.

ತುಳುನಾಡಿನ ಚರಿತ್ರೆಗೆ ಆ ಪ್ರಶ್ನೆಯು ಎಷ್ಟು ಅವಶ್ಯವೆಂಬುದಕ್ಕೆ ಅಳುಪರ ಗದ್ಯಾಣಗಳೇ ಸಾಕ್ಷಿ. ಕೊಡೆಯ ಕೆಳಗೆ ಜೋಡಿ ಮೀನು, ಇಕ್ಕೆಲದಲ್ಲಿ ದೀಪ. ಹಿಂದುಗಡೆ ನಾಗರಿಯಲ್ಲಿ 'ಶ್ರೀ ಪಾಂಡ್ಯ ಧನಂಜಯ' ಎಂಬ ಲೇಖ. ಮೀನು ಮಧುರೆಯ ಪಾಂಡ್ಯರ ಲಾಂಛನ, ಹೆಸರೂ ಪಾಂಡ್ಯ. ಊರುಕೇರಿ ತಿಳಿಯದೆ ಅಂಗಡಿಯ ಮೇಜಿನ ಮೇಲೆ ಬಿದ್ದ ಇಂತಹ ನಾಣ್ಯವನ್ನು ಮಧುರೆಗೆ ಸೇರಿಸುವುದು ಬಹು ಸುಲಭ. ಬಾರಕೂರು ಕಡೆಯ ಶಾಸನಗಳಲ್ಲಿ ಪಾಂಡ್ಯ ಧನಂಜಯವೆಂಬುದು ಅಳುಪ ಅರಸರ ಬಿರುದು. ಶಾಸನಗಳು ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣಗಳನ್ನು ಹೆಸರಿಸುತ್ತವೆ. ನಾಣ್ಯ ದೊರೆತ ನೆಲವನ್ನೂ ಈ ಶಾಸನಗಳನ್ನೂ ಜೊತೆಗೆ ಇಟ್ಟಾಗಲೇ ಲೇಖದ ಅರ್ಥ ನಿಲ್ಲುವುದು. ಕೆ.ವಿ. ರಮೇಶ್ ೧೯೭೦ರಲ್ಲಿಯೂ ಪಾದೂರು ಗುರುರಾಜ ಭಟ್ಟರು ೧೯೭೫ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಈ ಜಿಲ್ಲೆಯ ಚರಿತ್ರೆಯು ನಿಂತಿರುವುದು ಇಂತಹ ಸ್ಥಳನಿರ್ದೇಶಗಳ ಮೇಲೆಯೇ. ಅಜೆಕಾರಿನ ಸಮೀಪದ ವರಂಗದ ಕಡೆ ತೋಟ ಅಗೆಯುವಾಗ ಕುಡಿಕೆಯೊಂದು ಸಿಕ್ಕಿ, ಅದರೊಳಗಿನ ಪಣಗಳು ಬಿಡಿಬಿಡಿಯಾಗಿ ಹಂಚಿಹೋದರೆ, ಒಂದೊಂದು ಪಣವೂ ನಿಜವೆಂದು ಪ್ರಮಾಣಪತ್ರ ಪಡೆದರೂ ಆ ಕುಡಿಕೆಯು ಹೇಳಬಹುದಾಗಿದ್ದುದನ್ನು ಮತ್ತೆ ಯಾರೂ ಹೇಳಲಾರರು.

ಕಾಯಿದೆಯು ಇದನ್ನು ಅರಿತಿದೆ. ನೆಲದಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು ೧೮೭೮ರ ಕಾಯಿದೆಯೂ ಕರ್ನಾಟಕದ ೧೯೬೨ರ ಕಾಯಿದೆಯೂ ವಿಧಿಸಿದುವು. ನೂರು ವರ್ಷ ದಾಟಿದ ನಾಣ್ಯವನ್ನು ೧೯೭೨ರ ಕಾಯಿದೆಯು ಪುರಾತನ ವಸ್ತುವಿನಲ್ಲಿ ಸೇರಿಸಿ, ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವುದನ್ನು ತಡೆಯಿತು. ಆದರೆ ನಿಧಿ ಸಿಕ್ಕವನ ಮನಸ್ಸಿನಲ್ಲಿ ಈ ಕಾಯಿದೆಗಳು ಉಂಟುಮಾಡುವುದು ಹೆಚ್ಚಾಗಿ ಭಯವನ್ನು. ದೂರದರ್ಶನವು ಉಂಟುಮಾಡುವುದು ಆಸೆಯನ್ನು. ಎರಡರ ನಡುವೆ ಕುಡಿಕೆಯು ರಾತ್ರಿಯಲ್ಲಿಯೇ ಕರಗುವ ಸಂಭವವೇ ಹೆಚ್ಚು.

ಉಡುಪಿಯಲ್ಲಿ ೧೯೦೬ರಲ್ಲಿ ಹುಟ್ಟಿ ೨೦೨೦ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದ ಕಾರ್ಪೊರೇಷನ್ ಬ್ಯಾಂಕಿನವರು ಸ್ಥಾಪಕರ ಹಳೆಯ ಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯವೊಂದನ್ನು ಏರ್ಪಡಿಸಿದರು. ಶಾಲೆಯ ಮಕ್ಕಳನ್ನು ಇಂತಹ ಸ್ಥಳಕ್ಕೆ ಕರೆದೊಯ್ಯುವ ಉಪಾಧ್ಯಾಯರು ಗಾಜಿನಾಚೆಯ ಚಿನ್ನದ ಬೆಲೆಯನ್ನು ಊಹಿಸಲು ಬಿಡುವುದಕ್ಕಿಂತ, ಲೋಹ, ತೂಕ, ಲೇಖ, ದೊರೆತ ಊರು ಎಂಬ ನಾಲ್ಕು ವಿವರಗಳನ್ನು ಪ್ರತಿಯೊಂದು ನಾಣ್ಯಕ್ಕೂ ಬರೆದುಕೊಳ್ಳಲು ಹೇಳಬಹುದು. ನಾಲ್ಕನೆಯ ಮನೆಯು ಎಷ್ಟು ನಾಣ್ಯಗಳಿಗೆ ಬರಿದಾಗಿ ಉಳಿಯುವುದೆಂಬುದನ್ನು ಮಕ್ಕಳೇ ಎಣಿಸಲಿ.