ತೊಗಟೆಯ ಕಪ್ಪು ಗೀರುಗಳು

ಕೆರಗೋಡು ಸೀಮೆಯ ಹಳೆಯ ಮಾವು, ತೆಂಗಿನ ಬೊಡ್ಡೆಯ ಮೇಲೆ ಬೂದು ಬಣ್ಣದ ತೇಪೆ, ಅದರ ತುಂಬ ಸಣ್ಣ ಕಪ್ಪು ಗೀರುಗಳು ಕಂಡರೆ ‘ಪಾಚಿ ಕಟ್ಟಿದೆ’ ಎಂದು ಮುಂದೆ ಸಾಗುವುದು ವಾಡಿಕೆ. ಆ ಗೀರುಗಳು ಗ್ರಾಫಿಸ್ ಅಥವಾ ಅದರ ಹತ್ತಿರದ ಕುಲವೊಂದರವಾಗಿರುವ ಸಾಧ್ಯತೆಯೇ ಹೆಚ್ಚು. ಇದು ಕಲ್ಲುಹೂವಿನ ಬಳಗದ ಶಿಲೀಂಧ್ರ. ಟ್ರೆಂಟೆಪೋಲಿಯಾ ಎಂಬ ಪಾಚಿಯನ್ನು ಒಳಗಿಟ್ಟುಕೊಂಡು ಬದುಕುತ್ತದೆ. ಒಂದೊಂದು ಗೀರೂ ಅದರ ಫಲಾಂಗ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಗೀರಿನ ನಡುವೆ ಸೀಳು, ಸೀಳಿನ ಎರಡೂ ಕಡೆ ಕರಿ ತುಟಿಗಳು ಕಾಣುತ್ತವೆ. ಕೆಲವು ಪ್ರಭೇದಗಳಲ್ಲಿ ತುಟಿ ನುಣುಪು, ಕೆಲವದರಲ್ಲಿ ಉದ್ದುದ್ದ ಗೆರೆ ಬಿದ್ದದ್ದು, ಇನ್ನು ಕೆಲವದರಲ್ಲಿ ಬಿಳಿ ಪುಡಿ ಮೆತ್ತಿದ್ದು. ಈ ಕುಲವನ್ನು ಅರಿಯಲು ಮೊದಲು ನೋಡಬೇಕಾದದ್ದು ಈ ತುಟಿಗಳನ್ನೇ ಎಂಬುದು ನನ್ನ ವಾದ.

ಬಹುಕಾಲ ಹಾಗೆ ನೋಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಿನೀವಾದ ಜ್ಯಾಂ ಮ್ಯೂಲರ್ ಬೀಜಕಗಳ ಬಣ್ಣ ಮತ್ತು ಅಡ್ಡಗೋಡೆಗಳನ್ನು ಆಧಾರವಾಗಿಟ್ಟು ವಿಂಗಡಿಸಿದರು. ಬಣ್ಣವಿಲ್ಲದ, ಬರೀ ಅಡ್ಡಗೋಡೆಯ ಬೀಜಕವಿದ್ದರೆ ಗ್ರಾಫಿಸ್. ಇಟ್ಟಿಗೆ ಕಟ್ಟಿದಂತೆ ಉದ್ದಗೋಡೆಯೂ ಸೇರಿದ್ದರೆ ಗ್ರಾಫಿನಾ. ಕಂದು ಬಣ್ಣವಿದ್ದರೆ ಫಿಯೋಗ್ರಾಫಿಸ್, ಫಿಯೋಗ್ರಾಫಿನಾ. ಕಲಿಯಲು ಸುಲಭ, ಬಳಸಲು ಸಲೀಸು. ಆದರೆ ಹೊರಗೋಡೆ, ಆಕಾರ ಎಲ್ಲದರಲ್ಲೂ ಒಡಹುಟ್ಟಿದಂತಿದ್ದ ಪ್ರಭೇದಗಳು ಬೇರೆ ಬೇರೆ ಕುಲಗಳ ಪಾಲಾದವು, ಸಂಬಂಧವಿಲ್ಲದವು ಒಂದೆಡೆ ಸೇರಿದವು. 2002ರಲ್ಲಿ ಬೆಟ್ಟಿನಾ ಸ್ಟೈಗರ್ ಈ ಕಟ್ಟನ್ನು ಬಿಚ್ಚಿದರು: ಫಲಾಂಗದ ಗೋಡೆ ಎಷ್ಟು ಕರಿಗಟ್ಟಿದೆ, ಒಳಪದರ ತಿಳಿಯಾಗಿದೆಯೇ, ಬೀಜಕ ಅಯೋಡಿನ್‌ಗೆ ನೀಲಿನೇರಳೆಯಾಗುತ್ತದೆಯೇ ಎಂಬುದೆಲ್ಲವನ್ನೂ ಒಟ್ಟಿಗೆ ತೂಗಿದರು. ಗ್ರಾಫಿನಾದ ಹಲವು ಪ್ರಭೇದಗಳು ಗ್ರಾಫಿಸ್‌ಗೆ ಬಂದವು.

ಡಿಎನ್‌ಎ ಬಂದ ಮೇಲೆ ಕಣ್ಣಿನ ನೋಟಕ್ಕೆ ಬೆಲೆಯೇನು ಎಂದು ಕೇಳುವವರಿದ್ದಾರೆ. ಸ್ಟೈಗರ್ ಹಾಕಿದ ಗಡಿಯೂ ಪೂರ್ತಿ ನಿಲ್ಲಲಿಲ್ಲ ಎಂಬುದು ನಿಜವೇ. 2018ರಲ್ಲಿ ಲುಕಿಂಗ್ ಮತ್ತು ಕಾಲ್ಬ್ ಒಂದು ಗುಂಪನ್ನು ಬೇರ್ಪಡಿಸಿ ಅಲ್ಲೋಗ್ರಾಫಾ ಎಂಬ ಹಳೆಯ ಹೆಸರಿಗೆ ಮರುಜೀವ ಕೊಟ್ಟರು. ಆದರೆ ಆ ಗುಂಪಿನ ಗುರುತೇನು? ದಪ್ಪನೆಯ ಫಲಾಂಗ, ಬಹುಮಟ್ಟಿಗೆ ದೊಡ್ಡ ಬೀಜಕ. ಡಿಎನ್‌ಎ ಎಳೆದ ಗೆರೆಯನ್ನೂ ಕಣ್ಣು ಸುಮಾರಾಗಿ ಹಿಂಬಾಲಿಸಬಲ್ಲದು. ಬೀಜಕ ಬೇಡವೆಂದೇನಲ್ಲ, ಪ್ರಭೇದ ಹೇಳಲು ಅದು ಬೇಕೇ ಬೇಕು. ಎಷ್ಟೋ ಸಲ ರಾಸಾಯನಿಕ ಪರೀಕ್ಷೆಯೂ ಬೇಕು: ನಾರ್‌ಸ್ಟಿಕ್ಟಿಕ್ ಆಮ್ಲವಿದ್ದರೆ ಪೊಟ್ಯಾಷ್ ಹನಿ ಬಿದ್ದೊಡನೆ ಹಳದಿಯಾಗಿ ಕೆಂಪಿಗೆ ತಿರುಗುತ್ತದೆ. ಆದರೆ ಕುಲದ ಹಾದಿ ತೆರೆಯುವುದು ತುಟಿಗಳೇ.

ತೋಟದವರಿಗೆ ಒಂದು ಮಾತು. ಗ್ರಾಫಿಸ್ ಮರದಿಂದ ಆಹಾರ ಹೀರುವುದಿಲ್ಲ, ಅದರ ಊಟ ಒಳಗಿನ ಪಾಚಿಯದು. ತೊಗಟೆ ಕೆರೆದು ಅದನ್ನು ತೆಗೆಯಬೇಡಿ.