ಭಾರವಿಯ ಕಾವ್ಯದಲ್ಲಿ ಮಾತು ಮತ್ತು ಅದರ ಫಲ

ಐಹೊಳೆಯ ಶಾಸನದಲ್ಲಿ (ಕ್ರಿ. ಶ. 634) ರವಿಕೀರ್ತಿಯು ಕಾಳಿದಾಸನೊಡನೆ ಹೆಸರಿಸಿರುವ ಭಾರವಿಯು ಅರ್ಥಗೌರವಕ್ಕೆ ಪ್ರಸಿದ್ಧನು. ಮಾತಿನ ಸೊಗಸಿಗೂ ಫಲಕ್ಕೂ ಇರುವ ಅಂತರವನ್ನು ಈ ಕವಿಯು ಚೆನ್ನಾಗಿ ಬಲ್ಲನು. ‘ಕಿರಾತಾರ್ಜುನೀಯ’ದ ಮೊದಲನೆಯ ಸರ್ಗದಲ್ಲಿ ದ್ರೌಪದಿಯೂ ಎರಡನೆಯದರಲ್ಲಿ ಭೀಮನೂ ಧರ್ಮರಾಜನನ್ನು ಯುದ್ಧಕ್ಕೆ ಪ್ರೇರಿಸುವರು. ಭೀಮನ ಮಾತಿನ ಸ್ಪಷ್ಟತೆಯನ್ನೂ ಗಾಂಭೀರ್ಯವನ್ನೂ ಧರ್ಮರಾಜನೇ ಹೊಗಳುವನು, ಆದರೆ ಒಪ್ಪುವುದಿಲ್ಲ. ದುಡುಕಿದರೆ ಕಾರ್ಯ ಕೆಡುವುದೆಂಬುದೇ ಆತನ ಅಂಜಿಕೆ. ಇವರಾದರೋ ಆತನು ಬಲ್ಲ ಅಪಮಾನವನ್ನೇ ವರ್ಣಿಸಿ, ಅವಧಿಯನ್ನು ಕಾಯುವುದು ವ್ಯರ್ಥವೆಂದರೇ ಹೊರತು, ಭೀಷ್ಮ ದ್ರೋಣ ಕರ್ಣರನ್ನು ಗೆಲ್ಲುವ ಬಗೆಯನ್ನು ತಿಳಿಸಲಿಲ್ಲ.

ಮೂರನೆಯ ಸರ್ಗದಲ್ಲಿ ವ್ಯಾಸಮಹರ್ಷಿಯು ಶತ್ರುಬಲವನ್ನು ಮರೆಮಾಚದೆ ಹೇಳಿ, ಅರ್ಜುನನು ತಪಸ್ಸಿನಿಂದ ಅಸ್ತ್ರವನ್ನು ಪಡೆಯಬೇಕೆಂದು ಉಪಾಯವನ್ನು ತೋರುವನು. ಅಲ್ಲಿಗೆ ಚರ್ಚೆ ಮುಗಿಯುವುದು. ಹೊರಟುನಿಂತ ಅರ್ಜುನನಿಗೆ ದ್ರೌಪದಿಯು ಅದೇ ಅಪಮಾನವನ್ನು ಮತ್ತೆ ನೆನಪಿಸುವಳು. ಈ ಸಲ ಕೇಳಿದವನು ತೇಜಸ್ಸಿನಿಂದ ಉರಿದೇಳುವನು. ವಿಷಯವು ಹಳೆಯದೇ, ಕೇಳುವವನ ಮುಂದೆ ಮಾತ್ರ ಮಾಡತಕ್ಕ ಕಾರ್ಯವೊಂದು ಈಗ ಗೊತ್ತಾಗಿದೆ. ದಾರಿಗಾಣದವನಿಗೆ ಹೇಳಿದ ಆವೇಶದ ನುಡಿಯು ಮೆಚ್ಚುಗೆಯಲ್ಲಿಯೇ ಮುಗಿಯಿತು. ದಾರಿ ಕಂಡವನಿಗೆ ಅದು ಬಲವನ್ನಿತ್ತಿತು. ಭಾರವಿಯ ಅರ್ಥಗೌರವವನ್ನು ಬಿಡಿ ಪದ್ಯಗಳಲ್ಲಿ ಹುಡುಕುವವರು ಭಾಷಣಗಳ ಈ ಜೋಡಣೆಯನ್ನೂ ಗಮನಿಸಬೇಕು.