ಎಪಿಗ್ರಾಫಿಯಾ ಕರ್ನಾಟಿಕಾ: ಪಾಠ ಕೈಯಲ್ಲಿದೆ, ಕಲ್ಲು ಎಲ್ಲಿದೆ?

ಶಾಸನದ ಬಗ್ಗೆ ಎಲ್ಲೇ ಚರ್ಚೆ ಶುರುವಾದರೂ ಅದು ಬಂದು ನಿಲ್ಲೋದು ‘ಎ.ಕ.ದಲ್ಲಿ ಏನಿದೆ?’ ಎಂಬ ಪ್ರಶ್ನೆಯಲ್ಲೇ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಶುರುಮಾಡಿದ ಈ ಕೆಲಸವನ್ನು, 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಹೊರತಂದಿತು. ನಮ್ಮ ವಿಶ್ವವಿದ್ಯಾನಿಲಯಗಳು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು, ಅದರಲ್ಲಿ ಎರಡು ಮಾತಿಲ್ಲ.

ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕರಣದಲ್ಲಿ ಅದು 573 ಆಯಿತು. ಬೆಟ್ಟದ ಬಂಡೆಗಳನ್ನು ಮತ್ತೆ ಮತ್ತೆ ಹತ್ತಿ ನೋಡಿದವರ ಶ್ರಮ ಇದು.

ಆದರೆ ಇವತ್ತು ಈ ಸಂಪುಟಗಳನ್ನು ಬಳಸುವವರಿಗೆ ಮೂರು ಕಡೆ ಕಾಲು ತೊಡರುತ್ತೆ.

ಒಂದು, ಸಂಖ್ಯೆ. ಮಲ್ಲಿಷೇಣ ಪ್ರಶಸ್ತಿ ರೈಸ್‌ನಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಹಳೇ ಲೇಖನ ಓದಿ ಬರೀ ‘ಶ್ರ.ಬೆ. 67’ ಎಂದು ಹುಡುಕಹೊರಟರೆ, ಯಾವ ಆವೃತ್ತಿ ಅಂತ ತಿಳಿಯದೆ ಬೇರೆಯೇ ಶಾಸನದ ಮುಂದೆ ನಿಂತಿರುತ್ತೀರಿ.

ಎರಡು, ಊರು. ಸಂಪುಟಗಳ ವಿಂಗಡಣೆ ಜಿಲ್ಲೆ-ತಾಲ್ಲೂಕುವಾರು. ರೈಸ್ ಹೊನ್ನಾಳಿ, ಚನ್ನಗಿರಿ ಶಾಸನಗಳನ್ನು ಇಟ್ಟದ್ದು ಶಿವಮೊಗ್ಗದ ಏಳನೇ ಸಂಪುಟದಲ್ಲಿ. 1997ರಿಂದ ಆ ತಾಲ್ಲೂಕುಗಳಿರುವುದು ದಾವಣಗೆರೆ ಜಿಲ್ಲೆಯಲ್ಲಿ. ತಮ್ಮೂರ ಕಲ್ಲು ಯಾವ ಪುಸ್ತಕದಲ್ಲಿದೆ ಅಂತ ಹೊನ್ನಾಳಿಯ ಹುಡುಗನಿಗೆ ಹೊಳೆಯೋದಾದರೂ ಹೇಗೆ?

ಮೂರನೆಯದು ಎಲ್ಲಕ್ಕಿಂತ ಗಂಭೀರ. ಅಚ್ಚಾದ ಪಾಠ ಕಲ್ಲಲ್ಲ, ಕಲ್ಲಿನ ಒಂದು ಓದು. ಹಳಗನ್ನಡ ಲಿಪಿಯಲ್ಲಿ ಎ-ಏ, ಒ-ಓಗಳ ಹ್ರಸ್ವ ದೀರ್ಘ ಬೇರೆಯಾಗಿ ತೋರಿಸೋದಿಲ್ಲ. ‘ಕೊಡು’ ಮತ್ತು ‘ಕೋಡು’ ಕಲ್ಲಿನ ಮೇಲೆ ಒಂದೇ ಥರ. ದ-ಧಗಳ ನಡುವಿನ ವ್ಯತ್ಯಾಸವೂ ಎಷ್ಟೋ ಸಲ ಕೂದಲೆಳೆಯಷ್ಟು. ದಾನ ಕೊಟ್ಟನೋ, ಬೆಟ್ಟದ ಕೋಡಿನ ಹೆಸರೋ ಎಂದು ತೀರ್ಮಾನಿಸಿದವರು ಸಂಪಾದಕರು. ತೀರ್ಮಾನ ಸರಿಯೇ ಇರಬಹುದು; ಆದರೆ ಅದನ್ನು ಒರೆಗೆ ಹಚ್ಚಲು ಪಡಿಯಚ್ಚು ಬೇಕು. ಸಂಪುಟಗಳಲ್ಲಿ ಪಡಿಯಚ್ಚಿನ ಚಿತ್ರ ಇರೋದು ಕೆಲವೇ ಶಾಸನಗಳಿಗೆ. ಸಂಶಯದ ಅಕ್ಷರಕ್ಕೆ ಹಾಕಿದ ಆವರಣ ಚಿಹ್ನೆಯೂ ವಾಟ್ಸಾಪಿನಲ್ಲಿ ಹಂಚುವಾಗ ಬಿದ್ದುಹೋಗುತ್ತೆ. ಊಹೆ ಆಧಾರವಾಗಿಬಿಡುತ್ತೆ.

ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಂಚಿದರೆ ಸಾಕು ಅನ್ನುವವರಿದ್ದಾರೆ. ಅದರಿಂದ ಪುಸ್ತಕ ಸಿಗುತ್ತೆ, ಕಲ್ಲು ಸಿಗಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿರುವುದನ್ನು ನೋಡಿದರೆ ದಾರಿ ಯಾವುದು ಎಂಬುದು ಸ್ಪಷ್ಟ: ಅಳಿಸಿಹೋದಂತಿರುವ ಅಕ್ಷರವನ್ನು ಬೆಳಕು ತಿರುಗಿಸಿ ಯಾರು ಬೇಕಾದರೂ ಮತ್ತೆ ಓದಬಹುದು.

ವಿಶ್ವವಿದ್ಯಾನಿಲಯಗಳು ಈಗ ಮಾಡಬೇಕಾದದ್ದು ಇಷ್ಟು. ಎಲ್ಲ ಆವೃತ್ತಿಗಳ ಸಂಖ್ಯೆಗಳನ್ನು ಹೊಂದಿಸುವ ಒಂದೇ ಪಟ್ಟಿ, ಕಲ್ಲು ಇವತ್ತು ಎಲ್ಲಿದೆ ಎಂಬ ಮಾಹಿತಿ, ಉಳಿದಿರುವ ಪಡಿಯಚ್ಚುಗಳ ಚಿತ್ರ. ಜೊತೆಗೆ ಎಂ.ಎ. ತರಗತಿಯಲ್ಲಿ ಶಾಸನವನ್ನು ಅಚ್ಚಿನ ಪಾಠದಿಂದಲ್ಲ, ಪಡಿಯಚ್ಚಿನಿಂದ ಓದಿಸಬೇಕು. ಲಿಪಿ ಓದಲು ಬಾರದವರು ಹಿಂದಿನವರ ಓದನ್ನು ಒಪ್ಪಬಹುದು, ಪರೀಕ್ಷಿಸಲಾರರು.

ನಮ್ಮ ಪಾಲಿನ ಕೆಲಸವೂ ಇದೆ. ರಸ್ತೆ ಅಗಲ ಮಾಡುವಾಗಲೋ ಗುಡಿಗೆ ಬಣ್ಣ ಬಳಿಯುವಾಗಲೋ ಕಲ್ಲು ಹೋಯಿತೆಂದರೆ ಉಳಿಯುವುದು ಆ ಒಂದು ಓದು ಮಾತ್ರ. ಅದರಲ್ಲಿ ತಪ್ಪಿದ್ದರೆ ತಿದ್ದಲು ಏನೂ ಇರಲ್ಲ. ಶಾಸನ ಹಂಚುವಾಗ ಸಂಪುಟ, ಆವೃತ್ತಿಯ ವರ್ಷ, ಸಂಖ್ಯೆ, ಊರು ನಾಲ್ಕನ್ನೂ ಬರೆಯಿರಿ. ಆವರಣ ಚಿಹ್ನೆ ಬಿಡಬೇಡಿ. ಕಲ್ಲು ಇನ್ನೂ ಇದ್ದರೆ ಓರೆ ಬಿಸಿಲಲ್ಲಿ ತೆಗೆದ ಫೋಟೋ ಜೊತೆಗೆ ಹಾಕಿ.